ಬಸವಕುಮಾರನ ಕಳೆ ಸಂಗ್ರಹ

ಕೃಷಿ ಪದವಿಯ ಕೊನೆಯ ವರ್ಷದ ಹುಡುಗರನ್ನು ಕಾಲೇಜಿನವರು ಮೂರು ತಿಂಗಳು ಹಳ್ಳಿಗೆ ಅಟ್ಟುತ್ತಾರೆ. ರೈತರ ಮನೆಯಲ್ಲಿ ಉಂಡು, ರೈತರಿಂದ ಕಲಿತು, ಹೊರಡುವ ಮುಂಚೆ ಅದೇ ರೈತರಿಗೆ ಬುದ್ಧಿ ಹೇಳಿ ಬರಬೇಕೆಂದು ನಿಯಮ. ಹಾಗೆ ಮರಳವಾಡಿ ಪಕ್ಕದ ಹಳ್ಳಿಯ ಚನ್ನಲಿಂಗಪ್ಪನವರ ಮನೆಗೆ ಬಂದಿಳಿದವನು ಬಸವಕುಮಾರ. ರಾಮನಗರ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರ ಮಗ. ಮೊಳೆಯ ಸೈಜು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ, ಮೊಳಕೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಹಿಂದೆ.

ಅವನು ಮಾಡಬೇಕಿದ್ದ ಕೆಲಸಗಳಲ್ಲಿ ಕಳೆ ಸಂಗ್ರಹವೂ ಒಂದು. ಮೂವತ್ತು ಬಗೆಯ ಕಳೆ ಗಿಡಗಳನ್ನು ಕಿತ್ತು, ಒಣಗಿಸಿ, ಹಾಳೆಗೆ ಅಂಟಿಸಿ, ಕೆಳಗೆ ವೈಜ್ಞಾನಿಕ ಹೆಸರು ಬರೆಯಬೇಕು. ಗಿಡಕ್ಕೊಂದರಂತೆ ಮೂವತ್ತು ಅಂಕ, ಪಾಸಾಗಲು ಹದಿನೈದು. ಹೊಲದ ತುಂಬ ಕಳೆ ಬಿದ್ದಿರುವಾಗ ಅವಸರವೇನು ಎಂದು ಬಸವಕುಮಾರ ಎರಡು ತಿಂಗಳು ಹಾಯಾಗಿ ಕಳೆದ. ಒಂದು ದಿನ ಬೆಳಗ್ಗೆ ಏಳಕ್ಕೆ ಕಾಲೇಜಿನಿಂದ ಫೋನು ಬಂತು. ಪರೀಕ್ಷಕಿ ರಾಧಾಮಣಿ ಮೇಡಂ ಅಂದೇ ಮಧ್ಯಾಹ್ನ ಮೂರಕ್ಕೆ ಸಂಗ್ರಹ ನೋಡಲು ಬರುತ್ತಾರಂತೆ. ಅವರ ಕೈಯಲ್ಲಿ ಫೇಲಾದವರು ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಮತ್ತೆ ಹಳ್ಳಿ ವಾಸ ಮಾಡಬೇಕು, ಪದವಿ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ.

ಹುಡುಗ ಒಂದು ಚೀಲ ಹಿಡಿದು ಚನ್ನಲಿಂಗಪ್ಪನವರ ರಾಗಿ ಹೊಲಕ್ಕೆ ಓಡಿದ. ಕಣ್ಣಿಗೆ ಬಿದ್ದ ಮೊದಲ ಹುಲ್ಲನ್ನೇ ಬೇರುಸಮೇತ ಕಿತ್ತು, ಮಣ್ಣು ಕೊಡವಿ, ಚೀಲಕ್ಕೆ ಇಳಿಸಿದ. ಇನ್ನೂ ನಾಲ್ಕು ಕಿತ್ತ. ಬದುವಿನ ಮೇಲೆ ನಿಂತಿದ್ದ ಚನ್ನಲಿಂಗಪ್ಪ ಇಳಿದು ಬಂದರು.

"ಅದು ರಾಗಿ ಕಣಪ್ಪ," ಎಂದರು. "ಕಳೆ ಅದ್ರ ಪಕ್ಕದಲ್ಲೈತೆ."

ಬಸವಕುಮಾರ ರಾಗಿಯನ್ನು ಮತ್ತೆ ನೆಡಲು ಹೋದ. ಅದನ್ನು ನೋಡಲಾರದೆ ಚನ್ನಲಿಂಗಪ್ಪನವರು, ಸಾಲಿನಲ್ಲಿ ಕೂತು ಕಳೆ ಕೀಳುತ್ತಿದ್ದ ಪಕ್ಕದ ಮನೆಯ ಮುನಿರತ್ನಮ್ಮನನ್ನು ಕೂಗಿ, ಈ ಹುಡುಗನಿಗೆ ಒಸಿ ತೋರಿಸಿಕೊಡು ಎಂದರು. ಹೊಲ ಉಳಿಯಲಿ ಎನ್ನುವುದು ಅವರ ಆಸೆ.

ಮುನಿರತ್ನಮ್ಮನಿಗೆ ಉತ್ಸಾಹ ಬಂತು. ಇದು ಅಣ್ಣೆ, ಇದು ಗೋಣಿ, ಇದು ಕನ್ನೆ, ಇದು ಹೊನಗೊನೆ ಎಂದು ಒಂದೊಂದಾಗಿ ಕಿತ್ತು ಕೊಟ್ಟಳು. ಅಣ್ಣೆಗೆ ಸೆಲೋಸಿಯಾ, ಗೋಣಿಗೆ ಪೋರ್ಚುಲಾಕ ಎಂದು ಇವನು ಪುಸ್ತಕ ತಿರುವಿ ಗುರುತು ಹಾಕಿಕೊಂಡ. ಬಲಿತ ಗಿಡಕ್ಕೆ ಕೈ ಹಾಕಿದರೆ ಅವಳು ಬಿಡುತ್ತಿರಲಿಲ್ಲ. ಎಳೆಯದನ್ನೇ ಕೀಳು ಎಂದು ಗದರುತ್ತಿದ್ದಳು. ಎಂಥ ವೈಜ್ಞಾನಿಕ ಮನೋಭಾವದ ಹೆಂಗಸು ಎಂದು ಬಸವಕುಮಾರನಿಗೆ ಅಭಿಮಾನ ಉಕ್ಕಿತು. ಬಗೆಗೆ ಎರಡು ಗಿಡ ಸಾಕೆಂದರೂ ಕೇಳದೆ ಬಗೆಗೊಂದು ಹಿಡಿ ತುಂಬಿದಳು. ಹತ್ತು ಗಂಟೆಗೆ ಮೂವತ್ತು ಬಗೆಯೂ ಆದವು, ಚೀಲ ಏಳು ತಿಂಗಳ ಬಸುರಿಯಂತೆ ಉಬ್ಬಿತ್ತು.

ಚೀಲಕ್ಕೆ ನೀರು ಚಿಮುಕಿಸಿ ಹಿತ್ತಲಲ್ಲಿಟ್ಟು, ಹೆಸರಿನ ಚೀಟಿಗಳನ್ನು ಪ್ರಿಂಟ್ ಮಾಡಿಸಲು ಹಾರೋಹಳ್ಳಿ ಬಸ್ಸು ಹತ್ತಿದ. ಬಂದು ಗಿಡಗಳಿಗೆ ಇಸ್ತ್ರಿ ಹಾಕಿ ಒಣಗಿಸಿಬಿಟ್ಟರೆ ಎರಡು ತಿಂಗಳ ಕೆಲಸ ಎರಡು ಗಂಟೆಯಲ್ಲಿ ಮುಗಿಯುತ್ತದೆ ಎಂಬ ಲೆಕ್ಕಾಚಾರ. ಆದರೆ ಜೆರಾಕ್ಸ್ ಅಂಗಡಿಯಲ್ಲಿ ಕರೆಂಟಿರಲಿಲ್ಲ. ಕರೆಂಟು ಬಂದಾಗ ಬಸ್ಸಿರಲಿಲ್ಲ. ಬಸ್ಸು ಬಂದಾಗ ಫ್ಯಾಕ್ಟರಿ ಶಿಫ್ಟು ಬಿಟ್ಟು, ಒಳಗೆ ಕಾಲಿಡಲು ಜಾಗವಿರಲಿಲ್ಲ. ಬಾಗಿಲಲ್ಲಿ ಜೋತುಬಿದ್ದು ಊರು ಸೇರುವಾಗ ಎರಡೂವರೆ. ಮನೆ ಮುಂದೆ ಕಾಲೇಜಿನ ಜೀಪು ಆಗಲೇ ಬಂದು ನಿಂತಿತ್ತು.

ಒಳಗೆ ರಾಧಾಮಣಿ ಮೇಡಂ ಊಟಕ್ಕೆ ಕೂತಿದ್ದರು. ಚನ್ನಲಿಂಗಪ್ಪನವರ ಹೆಂಡತಿ ಮಂಗಳಗೌರಿ ಎರಡನೇ ಮುದ್ದೆಗೆ ಸಾರು ಬಿಡುತ್ತಿದ್ದರು. ಬೆರಕೆ ಸೊಪ್ಪಿನ ಸಾರು. ತಮ್ಮ ತಾಯಿ ತೀರಿಕೊಂಡ ಮೇಲೆ ಇಂಥ ಸಾರು ಉಂಡಿರಲೇ ಇಲ್ಲ ಎಂದು ಮೇಡಂ ತಟ್ಟೆ ಮುಂದೆ ಚಾಚಿದರು. ಹೊಟ್ಟೆ ತುಂಬಿದ ಪರೀಕ್ಷಕರು ಅರ್ಧ ಒಲಿದಂತೆ ಎಂದುಕೊಂಡು ಬಸವಕುಮಾರ ಖುಷಿಯಿಂದ ಹಿತ್ತಲಿಗೆ ಹೋದ.

ಚೀಲವನ್ನು ಒಗೆದು ತಂತಿಯ ಮೇಲೆ ಒಣಹಾಕಿದ್ದರು. ತಿಪ್ಪೆಯ ಅಂಚಿನಲ್ಲಿ ಮೂರು ಬಗೆಯ ಗಿಡ ಬಿದ್ದಿದ್ದವು. ಒಂದು ಪಾರ್ಥೇನಿಯಂ, ಒಂದು ಲಂಟಾನ, ಇನ್ನೊಂದು ಏನೋ ಮುಳ್ಳು.

ಹಿಂದೆ ಬಂದ ಮಂಗಳಗೌರಿ, "ಮೇಡಂ ಊಟಕ್ಕೆ ಅಂತ ನೀನೇ ತಂದಿದ್ದೀಯ ಅನ್ಕೊಂಡೆ ಮಗ," ಎಂದರು. "ಸೊಪ್ಪೆಲ್ಲ ಸಾರಿಗಾಯ್ತು, ಹುಲ್ಲು ಎಮ್ಮೆಗಾಯ್ತು, ಗರಿಕೆ ಗಣಪತಿಗಾಯ್ತು. ಇವ್ಮೂರು ಯಾಕೆ ತಂದೆ ಅಂತ್ಲೇ ತಿಳೀಲಿಲ್ಲ."

ಬಸವಕುಮಾರ ತಿಪ್ಪೆಯ ಪಕ್ಕದಲ್ಲೇ ಕುಸಿದು ಕೂತ. ಅವು ಪರೀಕ್ಷೆಯ ಗಿಡಗಳೆಂದು ಅವನಿಂದ ತಿಳಿದು ಮಂಗಳಗೌರಿ ಪೇಚಾಡಿದರು. ತಪ್ಪೆಲ್ಲ ತಮ್ಮದೇ ಎಂದು ತಾವೇ ಹೋಗಿ ಮೇಡಂಗೆ ನಡೆದದ್ದನ್ನು ಹೇಳಿದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ಇವನ ಹುಲ್ಲುಕಡ್ಡಿಯನ್ನು ಎಮ್ಮೆ ಮೇಯ್ದಿತ್ತು. ಆದರೂ ಧೈರ್ಯ ಮಾಡಿದ. ಸಂಗ್ರಹಕ್ಕೆ ಸಾರು ಉಂಡ ತಾವೇ ಸಾಕ್ಷಿ, ಮೂವತ್ತೂ ಇದ್ದವು ಎಂದು ಮೇಡಂ ಮುಂದೆ ಕೈಮುಗಿದ.

ಮೇಡಂ ಕೈ ತೊಳೆದು, ರಿಜಿಸ್ಟರ್ ಬಿಚ್ಚಿ, ಶಾಂತವಾಗಿ ಕೇಳಿದರು. "ಕಳೆ ಅಂದ್ರೆ ಏನಪ್ಪ?"

ಅದೊಂದು ಅವನಿಗೆ ಬಾಯಿಪಾಠ. "ಯಾರಿಗೂ ಬೇಡವಾದ, ಬೇಡದ ಕಡೆ ಬೆಳೆಯೋ ಗಿಡ ಮೇಡಂ."

"ಸಾರಿಗೆ ಬಿದ್ದಿದ್ದು ನನಗೆ ಬೇಕಾಗಿತ್ತೋ ಬೇಡವಾಗಿತ್ತೋ?"

ಖಾಲಿ ತಟ್ಟೆ ಎದುರಿಗೇ ಇತ್ತು. "ಬೇಕಾಗಿತ್ತು ಮೇಡಂ."

"ಎಮ್ಮೆಗೆ? ಗಣಪತಿಗೆ?"

"ಬೇಕಾಗಿತ್ತು ಮೇಡಂ."

"ಹಾಗಾದ್ರೆ ನೀನು ತಂದ ಕಳೆ ಎಷ್ಟು?"

"ಮೂರು," ಎಂದ ಬಸವಕುಮಾರ. ಮೇಡಂ ಅದನ್ನೇ ಬರೆದರು.

ಆದರೆ ಉಂಡ ಮನೆಯ ಋಣ ದೊಡ್ಡದು. ಜೀಪು ಹತ್ತುವ ಮುಂಚೆ ಮೇಡಂ ಮನಸ್ಸು ಕರಗಿತು. ಮುಂದಿನ ಗುರುವಾರ ಮತ್ತೆ ಬರುತ್ತೇನೆ, ಜನ ತಿನ್ನದ, ದನ ಮುಟ್ಟದ, ದೇವರೂ ಒಲ್ಲದ ಹದಿನೈದು ಗಿಡ ತೋರಿಸಿದರೂ ಪಾಸು ಮಾಡುತ್ತೇನೆ ಎಂದು ಮಾತು ಕೊಟ್ಟು, ಉಳಿದ ಸಾರನ್ನು ಕ್ಯಾರಿಯರ್‌ಗೆ ಹಾಕಿಸಿಕೊಂಡು ಹೊರಟರು.

ಹೋದ ಜೀವ ಬಂದಂತಾಗಿ ಬಸವಕುಮಾರ ನೇರ ಮುನಿರತ್ನಮ್ಮನ ಮನೆಗೆ ಓಡಿದ. ಯಾತಕ್ಕೂ ಬಾರದ ಗಿಡ ಹದಿನೈದು ಬೇಕು, ಈಗಲೇ ಹೊಲಕ್ಕೆ ಹೋಗೋಣ ಎಂದು ದುಂಬಾಲು ಬಿದ್ದ. ಅವಳು ಜಗಲಿಯ ಮೇಲೆ ಕೂತು, ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳಿಟ್ಟು ಎಣಿಸತೊಡಗಿದಳು. ಆರನೇ ಗೆಣ್ಣಿಗೆ ನಿಂತಳು. ಮತ್ತೆ ಮೊದಲಿನಿಂದ ಎಣಿಸಿದಳು. ಮತ್ತೆ ಆರಕ್ಕೇ ನಿಂತಳು.

"ಊರ್ಗೆಲ್ಲ ಆರೇ ಕಣಪ್ಪ," ಎಂದಳು ಮುನಿರತ್ನಮ್ಮ. "ಏಳ್ನೇದೂ ಒಂದಿತ್ತು. ರುಚಿಯಾಗೈತೆ ಅಂತ ಮೊನ್ನೆ ತಾನೆ ಗೊತ್ತಾಯ್ತು."