ಅಪ್ಪನ ಗಡ್ಡ, ಭಾವನ ನೊರೆ

ಬ್ರಹ್ಮ ಈ ಪ್ರಪಂಚವನ್ನು ಮಾಡುವಾಗ ಪಕ್ಕದಲ್ಲಿ ನಮ್ಮ ಭಾವ ಕೂತಿದ್ದರೆ ನಾವ್ಯಾರೂ ಇನ್ನೂ ಹುಟ್ಟಿರುತ್ತಿರಲಿಲ್ಲ. ಮನುಷ್ಯನಿಗೆ ಕೈ ಎರಡಿರಲೋ ನಾಲ್ಕಿರಲೋ ಎಂಬಲ್ಲೇ ಕೆಲಸ ನಿಂತುಹೋಗಿರುತ್ತಿತ್ತು. ‘ಎರಡು ಥರಾನೂ ಮಾಡಿ ನೋಡನ ಸ್ವಾಮಿ, ಆತುರ ಏನದೆ’ ಎಂದು ಇವರು ಹೇಳುವುದು, ಬ್ರಹ್ಮ ಇರುವ ನಾಲ್ಕು ತಲೆಯನ್ನೂ ಚಚ್ಚಿಕೊಳ್ಳುವುದು! ಇಂಥವರನ್ನು ಕಟ್ಟಿಕೊಂಡು ನಮ್ಮಕ್ಕ ಚಾಮರಾಜನಗರದಲ್ಲಿ ಇಷ್ಟು ವರ್ಷ ಸಂಸಾರ ಮಾಡಿದ್ದಾಳೆಂದರೆ ಅವಳಿಗೆ ಯಾವ ದೇವರು ವರ ಕೊಟ್ಟಿದ್ದಾನೋ ಗೊತ್ತಿಲ್ಲ.

ಭಾವ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿರುವ ಹುಳದ ಯೋಗಕ್ಷೇಮ ಹೇಳುತ್ತಿದ್ದರಂತೆ. ಆ ಅಭ್ಯಾಸ ಇನ್ನೂ ಹೋಗಿಲ್ಲ. ತೆಂಗಿನಕಾಯಿ ತರಲು ಕಳಿಸಿದರೆ ಅಂಗಡಿಯ ಕಾಯನ್ನೆಲ್ಲ ಕಿವಿಗೆ ಹಿಡಿಯುತ್ತಾರೆ. ಒಮ್ಮೆ ಚಪ್ಪಲಿ ಕೊಳ್ಳಲು ಹೋಗಿ, ಎಡಗಾಲಿಗೊಂದು ಬಲಗಾಲಿಗೊಂದು ಬೇರೆ ಬೇರೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿಯೊಳಗೇ ಮಧ್ಯಾಹ್ನದ ತನಕ ಓಡಾಡಿದರು. “ಅಂಗ್ಡಿಯವ್ನೂ ಊಟಕ್ಕೋಗ್ಬೇಕು, ಬನ್ನಿ” ಎಂದು ಅಕ್ಕ ಎಳೆದುಕೊಂಡು ಬಂದಳು. ಬರಿಗಾಲಲ್ಲಿ!

ಇಂಥವರ ಕೈಗೆ ನಮ್ಮಪ್ಪನ ಗಡ್ಡ ಸಿಕ್ಕಿತು. ಅದೇ ಈ ಪುರಾಣ.

ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಬೆಳಗಿನ ಮೊದಲ ಬಸ್ಸಿಗೂ ನುಣ್ಣಗೆ ಗಡ್ಡ ತೆಗೆದುಕೊಂಡೇ ಹೋಗುತ್ತಿದ್ದರು. ಹೋದ ವರ್ಷ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಅವರು ಗುಂಡ್ಲುಪೇಟೆಯಲ್ಲಿ ನನ್ನ ಜೊತೆ ಇದ್ದಾರೆ. ಮನೆಗೇ ಬಂದು ಗಡ್ಡ ತೆಗೆಯುತ್ತಿದ್ದ ಹಳೆಯ ಕ್ಷೌರಿಕರು ಮಂಡಿನೋವೆಂದು ಮಗನ ಊರಿಗೆ ಹೋಗಿಬಿಟ್ಟರು. ಸಲೂನಿನಿಂದ ಒಬ್ಬನನ್ನು ಕರೆಸಿದೆ. ಅವನು ಕಿವಿಗೆ ವೈರು ಸಿಕ್ಕಿಸಿಕೊಂಡು, ಹಾಡಿಗೆ ತಕ್ಕಂತೆ ತಲೆ ಕುಣಿಸುತ್ತಾ ಕತ್ತಿ ಮಸೆದ. ಅಪ್ಪ ಅವನನ್ನು ಹಾಗೇ ವಾಪಸು ಕಳಿಸಿದರು. “ನಾನೇ ತೆಗೀತೀನಿ ಅಪ್ಪ” ಎಂದರೆ ಹೆಣ್ಣುಮಗಳ ಕೈಲಿ ಬೇಡವೆಂದರು. ನಾವಿರುವುದು ಇಬ್ಬರೂ ಹೆಣ್ಣುಮಕ್ಕಳೇ. ಹೀಗೆ ಗಡ್ಡ ಬೆಳೆಯಿತು. ಬೆಳೆದ ಗಡ್ಡದಲ್ಲಿ ಯಾರಿಗೂ ಮುಖ ತೋರಿಸಲಾರೆ ಎಂದು ಅಪ್ಪ ಜಗಲಿಗೆ ಬರುವುದನ್ನೇ ಬಿಟ್ಟರು. ಸಂಜೆ ಹರಟೆಗೆಂದು ಬರುತ್ತಿದ್ದ ಗೆಳೆಯರು ಸ್ವಲ್ಪ ಹೊತ್ತು ಕಾದು ಎದ್ದುಹೋಗತೊಡಗಿದರು. ನನಗೆ ಹೆದರಿಕೆಯಾದದ್ದು ಆಗ. ಲಕ್ವಕ್ಕೂ ಬಗ್ಗದಿದ್ದ ಮನುಷ್ಯ ಗಡ್ಡಕ್ಕೆ ಬಗ್ಗಿ, ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು.

ಭಾವನಿಗೆ ಸುದ್ದಿ ಹೋಯಿತು. ಸೋಮವಾರ ಶಿವನ ದಿನ, ಮಂಗಳವಾರ ಶುಕ್ರವಾರ ಕ್ಷೌರ ಕೂಡದು ಎಂದೆಲ್ಲ ಲೆಕ್ಕ ಹಾಕಿ ಭಾನುವಾರ ಅಕ್ಕನೊಂದಿಗೆ ಬಸ್ಸಿಳಿದರು. ಚೀಲದಲ್ಲಿ ರೇಜರು, ಕುಂಚ, ಸೋಪು, ಒಂದು ದಪ್ಪ ಪಿಂಗಾಣಿ ಮಗ್ಗು. ಡಬ್ಬಿಯಿಂದ ಬುಸ್ಸೆಂದು ಬರುವ ನೊರೆಯನ್ನು ಭಾವ ಮುಟ್ಟುವುದಿಲ್ಲ. ಕುಂಚ ತಿರುಗಿಸಿ ತಿರುಗಿಸಿ ಮಗ್ಗಿನ ತುಂಬ ನೊರೆ ಎಬ್ಬಿಸಿಕೊಂಡು ಅಪ್ಪನ ಮಂಚದ ಬಳಿ ಹೋದರು. ಅಪ್ಪ ಎಡಗೈಯ ಬೆರಳಲ್ಲಿ ನೊರೆ ಮುಟ್ಟಿ ನೋಡಿದರು.

“ತಣ್ಣಗದೆ ಅಳಿಮಯ್ಯಾ. ಇನ್ನೊಂದ್ ದಪ ನೋಡನ ಬುಡಿ.”

ಚಳಿಗಾಲ ಬೇರೆ. ಗೋಪಾಲಸ್ವಾಮಿ ಬೆಟ್ಟದ ಕಡೆಯ ಗಾಳಿಗೆ ಕುಡಿಯುವ ಕಾಫಿಯೇ ಲೋಟದಲ್ಲಿ ಆರುತ್ತದೆ, ನೊರೆಯ ಪಾಡೇನು? ಭಾವ ಗಂಭೀರವಾಗಿ ತಲೆಯಾಡಿಸಿದರು. ಆ ತಲೆಯಾಟ ನೋಡಿಯೇ ಅಕ್ಕ ಹಣೆ ಹಿಡಿದುಕೊಂಡಳು.

ಮುಂದಿನ ಭಾನುವಾರದ ಹೊತ್ತಿಗೆ ಭಾವ ಫೋನಿನಲ್ಲಿ ಕುಂಚದಲ್ಲೇ ನೊರೆ ಎಬ್ಬಿಸಿ ಗಡ್ಡ ತೆಗೆಯುವವರ ಗುಂಪೊಂದನ್ನು ಸೇರಿದ್ದರು. ಇಂಥ ಗುಂಪೂ ಇರುತ್ತದೆಯೇ ಎಂದು ಕೇಳಬೇಡಿ, ಇದೆ! ಅದರಲ್ಲಿ ಎರಡು ಪಕ್ಷ. ಒಂದು ಮಗ್ಗಿನವರದು. ಇನ್ನೊಂದು ‘ಸ್ಕಟಲ್’ನವರದು. ಸ್ಕಟಲ್ ಎಂದರೆ ಎರಡಂತಸ್ತಿನ ಪಾತ್ರೆಯಂತೆ. ಕೆಳಗಿನ ಹೊಟ್ಟೆಯಲ್ಲಿ ಬಿಸಿನೀರು, ಮೇಲಿನ ಬಟ್ಟಲಲ್ಲಿ ನೊರೆ. ನೀರಿನ ಕಾವಿಗೆ ನೊರೆ ಆರುವುದಿಲ್ಲ. ಊಟಕ್ಕೆ ಕೂತರೆ ಸ್ಕಟಲ್, ಎದ್ದರೆ ಸ್ಕಟಲ್. ಮಗ್ಗಿನ ಗುಣವೇನು, ಸ್ಕಟಲ್ಲಿನ ದೋಷವೇನು, ಮಗ್ಗಿಗೆ ಹಿಡಿ ಇದೆ, ಸ್ಕಟಲ್ಲಿಗೆ ಕಾವಿದೆ.

“ಎರಡ್ರಲ್ಲಿ ಒಂದ ಇಡ್ಕಳಿ, ಇಲ್ಲಾಂದ್ರೆ ಎರಡ್ನೂ ತಿಪ್ಪೆಗೆ ಆಕ್ತೀನಿ” ಎಂದಳು ಅಕ್ಕ.

“ತಿಪ್ಪೆಗಾಕೋಕೆ ಸ್ಕಟಲ್ ಎಲ್ಲದೆ? ಮಾಡಿಸ್ಬೇಕು” ಎಂದರು ಭಾವ.

ಮಾಡಿಸಿಯೇ ಬಿಟ್ಟರು. ಚಾಮರಾಜನಗರದಲ್ಲಿ ಪಾತ್ರೆಗೆ ಬೆಸುಗೆ ಹಾಕುವ ಒಬ್ಬ ಸಾಬರ ಮುಂದೆ ಕೂತು ತಾವೇ ಚಿತ್ರ ಬರೆದುಕೊಟ್ಟರು. ಹಿತ್ತಾಳೆ ಚೊಂಬಿನ ಬಾಯಿಗೆ ಬಟ್ಟಲೊಂದನ್ನು ಕೂರಿಸಿ ಸುತ್ತ ಬೆಸುಗೆ. ಹೊಳೆಯುತ್ತಿತ್ತು, ಸುಳ್ಳೇಕೆ ಹೇಳಲಿ. ಅದನ್ನು ಹೊತ್ತು ತಂದ ಭಾನುವಾರ ನಮ್ಮ ಅಡುಗೆಮನೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಭಾವ ಸ್ಕಟಲ್ಲನ್ನು ಹೀಗೆ ತಿರುಗಿಸಿದರು, ಹಾಗೆ ತಿರುಗಿಸಿದರು, ಬುಡ ಮೇಲು ಮಾಡಿದರು. ನೀರು ಹುಯ್ಯಲು ತೂತೇ ಇಲ್ಲ!

ಸಾಬರಿಗೆ ಫೋನು ಹೋಯಿತು. “ನೀವು ಬರ್ದಂಗೇ ಮಾಡಿವ್ನಿ ಸಾರ್. ತೂತು ಬರ್ದಿರ್ಲಿಲ್ಲ” ಎಂದರು ಅವರು.

“ನೀರ್ಗೆ ಕೈ ಮುಗ್ದು ಕೇಳ್ಕಳಿ, ಒಳಕ್ಕೋದ್ರೂ ಓಯ್ತದೆ” ಎಂದು ಅಕ್ಕ ಕುದಿಯುವ ನೀರಿಗೆ ಕಾಫಿಪುಡಿ ಸುರಿದಳು. ಅಪ್ಪನ ಗಡ್ಡ ಇನ್ನೊಂದು ವಾರ ಬೆಳೆಯಿತು.

ನನಗೆ ತಡೆಯಲಾಗದೆ ಆ ಸಂಜೆ ಅಪ್ಪನ ಮೇಲೇ ಹರಿಹಾಯ್ದೆ. ನೊರೆ ಹೇಗಿದ್ದರೂ ಹಚ್ಚಿಸಿಕೊಳ್ಳಬಾರದೇ, ಆ ಮನುಷ್ಯ ವಾರವಾರವೂ ಬಸ್ಸಲ್ಲಿ ಬಂದು ಹೋಗುತ್ತಿದ್ದಾರೆ ಎಂದೆ. ಅಪ್ಪ ಗೋಡೆ ನೋಡುತ್ತಲೇ ಹೇಳಿದರು.

“ನೊರೆ ಇಚಾರ ಅಲ್ಲ ಕಣಮ್ಮಿ. ತಟ್ಟೇಲಿ ಅವ್ರ ಕಾಲು ತೊಳ್ದು, ಆ ನೀರ ತಲೆ ಮೇಲೆ ಆಕ್ಕೊಂಡು ನಿಮ್ಮಕ್ಕನ್ನ ಧಾರೆ ಎರ್ದಿವ್ನಿ. ಅಂಥವ್ರ ಕೈಲಿ ಮೊಕ ಕೆರಿಸ್ಕಳನಾ?”

ಆಗ ನನಗೆ ಅರ್ಥವಾಯಿತು. ಬೇಡ ಎಂದರೆ ಅಳಿಯನಿಗೆ ಅವಮಾನ, ಹೂಂ ಎಂದರೆ ತಮ್ಮ ಮನಸ್ಸು ಒಪ್ಪದು. ಅದಕ್ಕೇ ತಣ್ಣಗಿದೆ ಎಂಬ ನೆಪ. ಆ ನೆಪವನ್ನು ನಿಜವೆಂದು ನಂಬಿ ನಮ್ಮ ಭಾವ ಊರೆಲ್ಲ ಬೆಸುಗೆ ಹಾಕಿಸುತ್ತಿದ್ದಾರೆ! ಹೊಟ್ಟೆನೋವಿಗೆ ಬೆನ್ನಿಗೆ ಎಣ್ಣೆ ತಿಕ್ಕುವ ಇಂಥ ಮನುಷ್ಯನಿಗೆ ಏನೆಂದು ಹೇಳುವುದು? ಹೇಳಿದರೆ ನೊಂದುಕೊಳ್ಳುತ್ತಾರೆ, ಹೇಳದಿದ್ದರೆ ಮುಂದಿನ ವಾರ ಸ್ಕಟಲ್ಲಿಗೆ ಮೂರನೆಯ ಅಂತಸ್ತು ಎಬ್ಬಿಸುತ್ತಾರೆ.

ಬಂತು ಮುಂದಿನ ಭಾನುವಾರ. ಸ್ಕಟಲ್ಲಿಗೆ ತೂತು ಬಂದಿತ್ತು. ಭಾವ ಜೊತೆಗೆ ಆ ಹಳೆಯ ಮಗ್ಗನ್ನೂ ಹೊತ್ತು ತಂದಿದ್ದರು, ಇನ್ನೂ ತೀರ್ಮಾನವಾಗಿಲ್ಲವಂತೆ! ಮೊದಲು ಮಗ್ಗಿನಲ್ಲಿ, ಆಮೇಲೆ ಸ್ಕಟಲ್ಲಿನಲ್ಲಿ, ಅಡುಗೆಮನೆಯ ಕಟ್ಟೆಯ ಮುಂದೆ ಅವರು ನೊರೆ ಎಬ್ಬಿಸುತ್ತಾ ನಿಂತದ್ದನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತು.

“ಬಾವ, ಅಪ್ಪಂಗೆ ಬೇಕಿರೋದು ಬಿಸಿ ನೊರೆ ಅಲ್ಲ. ಅವ್ರು ನಿಮ್ಮ ಕಾಲು ತೊಳ್ದವ್ರೆ, ನಿಮ್ಮ ಕೈಲಿ ಮಾಡಿಸ್ಕೊಳಕ್ಕೆ ಮನಸ್ಸು ಬತ್ತಿಲ್ಲ. ಅಷ್ಟೂ ಗೊತ್ತಾಗಲ್ವಾ ನಿಮ್ಗೆ?”

ಭಾವ ಕುಂಚ ತಿರುಗಿಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತು ಕಣಮ್ಮಿ. ಮೊದಲ್ನೇ ದಿನಾನೇ ಗೊತ್ತಾಯ್ತು.”

“ಮತ್ತೆ ಈ ಸ್ಕಟಲ್ಲು?”

“ಮಾವ ಬ್ಯಾಡ ಅಂದಿಲ್ವಲ್ಲ, ತಣ್ಣಗದೆ ಅಂದವ್ರೆ. ಬ್ಯಾಡ ಅಂದ್ಬುಟ್ಟಿದ್ರೆ ಇನ್ನೊಂದ್ ದಪ ಕೇಳಂಗಿರ್ಲಿಲ್ಲ. ತಣ್ಣಗದೆ ಅಂದ್ರೆ, ಬಿಸಿ ಮಾಡ್ಕಂಡು ಮತ್ತೆ ಬರ್ಬೋದು.”

ಭಾವ ಎರಡು ಕೈಯಲ್ಲಿ ಎರಡನ್ನೂ ಹಿಡಿದು ಅಪ್ಪನ ಕೋಣೆಗೆ ಹೋದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟು, ತಾವು ನೆಲದ ಮೇಲೆ ಕೂತರು.

“ಮಾವ, ಇದು ಮಗ್ಗು, ಇದು ಸ್ಕಟಲ್ಲು. ನನ್ ಕೈಲಿ ತೀರ್ಮಾನ ಆಯ್ತಿಲ್ಲ. ಯಾವ್ದು ಅಂತ ನೀವೇ ಯೋಳಿ.”

ಅಪ್ಪ ಸ್ಕಟಲ್ಲನ್ನು ನೋಡಿದರು. ಅದರ ತೂತಿನಿಂದ ಹಬೆ ಏಳುತ್ತಿತ್ತು. ಮಗ್ಗನ್ನು ನೋಡಿದರು. ಅದರ ನೊರೆ ಆಗಲೇ ಕುಗ್ಗಿ ನೀರೊಡೆದಿತ್ತು. ಆಮೇಲೆ ನೆಲದ ಮೇಲೆ ಕೂತಿದ್ದ ಅಳಿಯನನ್ನು ಬಹಳ ಹೊತ್ತು ನೋಡಿದರು. ಎಡಗೈ ಎತ್ತಿ ಮಗ್ಗನ್ನು ತೋರಿಸಿದರು.

“ಅದು ಆರೋಗ್ಬುಟ್ಟದೆ ಮಾವ.”

“ಇರ್ಲಿ ಬುಡಿ ಅಳಿಮಯ್ಯಾ. ಅದ್ನೇ ಅಚ್ಚಿ” ಎಂದು ಅಪ್ಪ ಕಣ್ಣು ಮುಚ್ಚಿ ಗದ್ದ ಮೇಲೆತ್ತಿದರು.

ಯಾವ ಕೆನ್ನೆಯಿಂದ ಶುರು ಮಾಡಲಿ ಎಂದು ಕೂಡ ಕೇಳದೆ ಭಾವ ಕುಂಚವನ್ನು ಎತ್ತಿಕೊಂಡರು. ಅವರ ಮೇಲೆ ವಾರಗಟ್ಟಲೆ ಕೂಡಿಟ್ಟಿದ್ದ ಸಿಟ್ಟೆಲ್ಲ ಕರಗಿ, ಬಾಗಿಲ ಹತ್ತಿರ ನಿಂತು ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಆ ಚಳಿಯಲ್ಲಿ ನೊರೆ ತಗುಲಿದ ಕೂಡಲೇ ಅಪ್ಪನ ಭುಜ ನಡುಗಿದ್ದು ನನಗೆ ಕಾಣಿಸಿತು. ಭಾವನಿಗೂ ಕಾಣಿಸಿರಬೇಕು, ಕೈ ತಡೆದರು.

“ತಣ್ಣಗದಾ ಮಾವ?”

“ಇಲ್ಲ ಬುಡಿ” ಎಂದರು ಅಪ್ಪ. “ಬೆಚ್ಚಗದೆ.”