ಮಳೆಯಿಲ್ಲದೆ ನೆನೆದ ಹಾಸಿಗೆ

ನೀವು ನಂಬೋದಿಲ್ಲ, ಗೊತ್ತು. ನಂಬದವರು ಶ್ರೀಮಂಗಲದ ಕಡೆ ಬನ್ನಿ. ನಾನು ಕೊಂಬೆ ಕಪಾತು ಮಾಡುವ ನಂದಿ ಮರ ಹತ್ತಿ, ಅರವತ್ತಡಿ ಮೇಲೆ ನನ್ನ ಪಕ್ಕದ ಕೊಂಬೆಯಲ್ಲಿ ಕೂತು, 'ನೀನು ಹೇಳೋದು ಸುಳ್ಳು' ಅನ್ನಿ. ಇದುವರೆಗೆ ಯಾರೂ ಹತ್ತಿಲ್ಲ. ಆದ್ದರಿಂದ ನಾನು ಹೇಳುವುದೆಲ್ಲ ನಿಜ.

ಬೇರೆಯವರಿಗೆ ಮದುವೆಯಾದರೆ ಮಕ್ಕಳಾಗುತ್ತವೆ. ನನಗೆ ಮದುವೆಯಾದ ದಿನದಿಂದ ಬರೀ ಇಂಥ ಪ್ರಸಂಗಗಳೇ ಆಗುತ್ತಿವೆ. ಮೈಸೂರಿಗೆ ಸೇರದ ನಮ್ಮ ಪುಟ್ಟ ಕೊಡಗು ರಾಜ್ಯವನ್ನು ಮಡಿಕೇರಿಯಲ್ಲಿ ಕೂತು ಇಬ್ಬರೇ ಮಂತ್ರಿಗಳು ನಡೆಸುತ್ತಾರೆ. ನಮ್ಮ ಮನೆಯಲ್ಲೂ ಇಬ್ಬರೇ. ಆದರೆ ಮಂತ್ರಿಗಳು ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಾರೆ. ನಾವು ಮೊದಮೊದಲು ಮಾತಾಡುತ್ತಿರಲಿಲ್ಲ. ಬಂದ ಕಷ್ಟಕ್ಕೆಲ್ಲ ಅದೇ ಬೇರು.

ಹಂಚು

ನನಗೆ ಇಪ್ಪತ್ತಾರು, ನನ್ನ ಹೆಂಡತಿಗೆ ಇಪ್ಪತ್ತೆರಡು. ಇಬ್ಬರೂ ಶನಿವಾರಸಂತೆ ಸೀಮೆಯವರು. ನಾನು ಶ್ರೀಮಂಗಲದ ಈ ಕಾಫಿ ಎಸ್ಟೇಟಿನಲ್ಲಿ ಮರ ಕಪಾತಿನ ಮೇಸ್ತ್ರಿ. ಕಾಫಿ ಗಿಡಕ್ಕೆ ಎಷ್ಟು ಬಿಸಿಲು ಬೇಕೋ ಅಷ್ಟು ಬೀಳುವ ಹಾಗೆ ದೊಡ್ಡ ಮರದ ಕೊಂಬೆ ಸವರುವುದು ನನ್ನ ಕೆಲಸ. ನನ್ನಷ್ಟು ಚೆನ್ನಾಗಿ ಮಾಡುವವನು ತಲಕಾವೇರಿಯಿಂದ ಈಚೆಗೆ ಇಲ್ಲ. ಆಚೆಗೂ ಇರಲಿಕ್ಕಿಲ್ಲ.

ಒಂದು ಸಂತೆ ದಿನ. ಎಸ್ಟೇಟಿಗೆ ರಜೆ, ಆಳುಗಳ ಸಾಲುಮನೆಯ, ಅಂದರೆ ಲೈನಿನ, ಮಂದಿಯೆಲ್ಲ ಸಂತೆಗೆ ಹೋಗಿದ್ದರು. ನಾವಿಬ್ಬರೇ ಮನೆಯಲ್ಲಿ. ಹೊಸ ಗಂಡ ಹೆಂಡತಿ, ಮಧ್ಯಾಹ್ನದ ಹೊತ್ತು, ಬಾಗಿಲು ಹಾಕಿತ್ತು. ಉಳಿದದ್ದನ್ನು ನೀವೇ ತಿಳಿದುಕೊಳ್ಳಿ. ಆಮೇಲೆ ನೋಡಿದರೆ ಹಾಸಿಗೆ ಒದ್ದೆ. ಅಂಗೈಯಗಲ ಅಲ್ಲ, ಮೊರದಗಲ.

ಅವಳು ಗೋಡೆ ಕಡೆ ತಿರುಗಿಕೊಂಡು, "ಮಾಡು ಸೋರ್ತಾ ಇದೆ ಕಣ್ರೀ," ಅಂದಳು.

ಆಗ ಜನವರಿ. ಮಳೆ ನಿಂತು ತಿಂಗಳ ಮೇಲಾಗಿತ್ತು. ಆದರೂ ನಂಬಿದೆ. ಕೊಡಗಿನಲ್ಲಿ ಹುಟ್ಟಿದವನಿಗೆ ಮಾಡು ಸೋರುತ್ತದೆ ಅಂದರೆ ಸಾಕು, ಏಣಿ ಹುಡುಕುತ್ತಾನೆ; ಯಾವ ತಿಂಗಳು ಅಂತ ಕೇಳುವ ಅಭ್ಯಾಸ ನಮಗಿಲ್ಲ. ಮಾರನೇ ದಿನವೇ ಹಂಚು ಹೊದಿಸುವ ಮಲಯಾಳಿ ಮೇಸ್ತ್ರಿಯನ್ನು ಕರೆಸಿದೆ. ಅವನು ಮೇಲೆ ಹತ್ತಿ, ಒಂದೊಂದೇ ಹಂಚು ಮುಟ್ಟಿ ನೋಡಿ ಇಳಿದ.

"ಹಂಚು ಸರಿ ಉಂಟು. ಮಳೆ ಎಲ್ಲಿ ಉಂಟು?"

"ನಿನ್ನೆ ಮೂರು ಗಂಟೆಗೆ ಮಂಜು ಇಳಿದಿರಬೇಕು."

"ಮಧ್ಯಾಹ್ನ ಮೂರು ಗಂಟೆಗೆ?"

"ನಮ್ಮ ಮನೆ ಮಂಜಿನ ವಿಷಯ ನಿನಗೇನು ಗೊತ್ತು? ಬದಲಾಯಿಸು," ಅಂತ ಗದರಿ ಮಂಚದ ಮೇಲಿನ ಹಂಚುಗಳನ್ನೆಲ್ಲ ಬದಲು ಮಾಡಿಸಿದೆ.

ಮುಂದಿನ ಸಂತೆ ದಿನ ಮತ್ತೆ ಸೋರಿತು. ಮಂಚವನ್ನು ಆ ಗೋಡೆಯಿಂದ ಈ ಗೋಡೆಗೆ ಸರಿಸಿದೆ. ಅದರ ಮುಂದಿನ ವಾರ, ಸೋರುವುದೂ ಮಂಚದ ಜೊತೆ ಸರಿದು ಬಂತು.

ಕಣ

ಹಾಸಿಗೆ ಒಣಗಬೇಕಲ್ಲ? ಎಸ್ಟೇಟಿನಲ್ಲಿ ಒಳ್ಳೆ ಬಿಸಿಲು ಬೀಳುವ ಜಾಗ ಒಂದೇ, ಕಾಫಿ ಒಣಗಿಸುವ ಕಣ. ಹಣ್ಣು ಹರವಿದ ಪಕ್ಕದಲ್ಲೇ ನಮ್ಮ ಹಾಸಿಗೆಯನ್ನೂ ಹರವಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದರು. ಕನ್ನಡಕ ಏರಿಸಿದರು.

"ಇದು ಯಾವ ಜಾತಿ ಮೇಸ್ತ್ರಿ? ಅರೇಬಿಕಾನೋ, ರೋಬಸ್ಟಾನೋ?"

"ನೀರಿನ ಬಿಂದಿಗೆ ಉರುಳಿತು ಸ್ವಾಮಿ."

ಕಣದಲ್ಲಿ ಕಾಫಿ ಕೆದರುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಒಬ್ಬಳು, "ಹೋದ ವಾರವೂ ಉರುಳಿತ್ತು, ಅದರ ಹಿಂದಿನ ವಾರವೂ ಉರುಳಿತ್ತು. ಸಂತೆ ದಿನವೇ ಉರುಳೋ ಬಿಂದಿಗೆ ನಾನು ಕಂಡಿಲ್ಲಪ್ಪ," ಅಂದಳು.

ಅವಳ ಪಕ್ಕದಲ್ಲಿದ್ದ ನಡುವಯಸ್ಸಿನವಳು ಕೆದರುವ ಹಲಗೆಗೆ ಗಲ್ಲ ಊರಿ ನಿಟ್ಟುಸಿರುಬಿಟ್ಟಳು. "ಅಂಥ ಬಿಂದಿಗೆ ಎಲ್ಲಿ ಸಿಗುತ್ತೆ ಅಂತ ಕೇಳಿ ಹೇಳೇ."

ನನಗೆ ಆಗ ಏನೂ ಅರ್ಥವಾಗಲಿಲ್ಲ. ಅರವತ್ತಡಿ ಮೇಲಿಂದ ಎಲ್ಲ ಕಾಣುವ ನನಗೆ ಮೂರಡಿ ದೂರದ್ದು ಕಾಣಲಿಲ್ಲ.

ಕಷಾಯ

ಆ ಸಂಜೆ ಮನೆಗೆ ಬಂದರೆ ಅವಳ ಟ್ರಂಕು ಮಂಚದ ಮೇಲೆ ತೆರೆದು ಕೂತಿತ್ತು. ಸೀರೆಗಳು ಒಳಗೆ, ಅವಳು ಹೊರಗೆ, ಕಣ್ಣು ಕೆಂಪು.

"ಮಾಡಲ್ಲ ರೀ. ನಾನು."

"ಏನು ನೀನು?"

"ಸೋರಿದ್ದು ಮಾಡಲ್ಲ. ನನ್ನಿಂದಲೇ ಬಂದದ್ದು. ತಡೆಯೋಕೆ ಆಗಲ್ಲ. ಈ ವಯಸ್ಸಿಗೆ ಹಾಸಿಗೆ ಒದ್ದೆ ಮಾಡೋಳು ಸಂಸಾರಕ್ಕೆ ಬೀಳ್ತಾಳಾ? ಅವ್ವನಿಗೆ ಎಲ್ಲ ಬರೆದು ಹಾಕಿದ್ದೀನಿ. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಯೋ ಹೊತ್ತಿಗೆ ಅಪ್ಪ ಬಂದು ಕರ್ಕೊಂಡು ಹೋಗ್ತಾರೆ. ನೀವು ಬೇರೆ ಮದುವೆ ಮಾಡ್ಕೊಳ್ಳಿ."

ನಾನು ಜಂಬದವನು, ಒಪ್ಪುತ್ತೇನೆ. ಆದರೆ ಆ ಟ್ರಂಕು ನೋಡಿದಾಗ ಅದರ ಮುಚ್ಚಳ ಹಾಕಿ ಮೇಲೆ ಕೂತುಬಿಟ್ಟೆ. ಅವಳು ಹೋದರೆ ನನಗೆ ಈ ಊರೂ ಬೇಡ, ಮರವೂ ಬೇಡ. ಹಾಗಂತ ಹೇಳಬೇಕಿತ್ತು. "ಔಷಧಿ ತರ್ತೀನಿ," ಅಂದೆ.

ವಿರಾಜಪೇಟೆ ದಾರಿಯಲ್ಲಿ ಒಬ್ಬ ನಾಟಿ ವೈದ್ಯ. ನಾಚಿಕೆಗೆ, "ನನ್ನ ಸ್ನೇಹಿತನ ಹೆಂಡತಿಗೆ," ಅಂದೆ. ಅವನು ನನ್ನ ಕೈ ಹಿಡಿದು ಸ್ನೇಹಿತನ ಹೆಂಡತಿಯ ನಾಡಿ ನೋಡಿದ.

"ಉಷ್ಣ. ನಲವತ್ತೆಂಟು ದಿನ ಗಂಡ ಹೆಂಡತಿ ಬೇರೆ ಬೇರೆ ಮಲಗಬೇಕು."

"ಆಮೇಲೆ ಹಾಸಿಗೆ ಒದ್ದೆ ಆಗಲ್ವಾ?"

"ಬೇರೆ ಮಲಗಿದ ಮೇಲೆ ಯಾಕಯ್ಯ ಆಗುತ್ತೆ?"

ಕಾಯಿಲೆ ವಾಸಿ, ಸಂಸಾರ ಸಮಾಪ್ತಿ! ಅವನು ಕೊಟ್ಟ ಬೇರಿನ ಕಷಾಯವನ್ನು ಅವಳಿಗೆ ಕುಡಿಸಲು ಮನಸ್ಸು ಬರಲಿಲ್ಲ. ಏನಾಗುತ್ತದೋ ನೋಡೋಣ ಅಂತ ನಾನೇ ಕುಡಿದೆ. ಎರಡು ದಿನ ಆ ತೋಟದಲ್ಲಿ ನಾನು ನೀರು ಹನಿಸದ ಮರ ಒಂದೂ ಉಳಿಯಲಿಲ್ಲ.

ಸೂಲಗಿತ್ತಿ ಅಜ್ಜಿ

ಕೊನೆಗೆ ಅಜ್ಜಿಯ ಕಾಲಿಗೆ ಬಿದ್ದೆ. ಲೈನಿನ ಮಕ್ಕಳಿಂದ ಬಂಗಲೆಯ ಮಕ್ಕಳವರೆಗೆ ಈ ಎಸ್ಟೇಟಿನವರೆಲ್ಲ ಅವಳ ಕೈಯಲ್ಲೇ ಹೊರಗೆ ಬಂದವರು. ಬಂದವಳೇ ನಮ್ಮಿಬ್ಬರನ್ನೂ ಎದುರು ಕೂರಿಸಿ, ಎಲೆಗೆ ಸುಣ್ಣ ಹಚ್ಚುತ್ತಾ ನನ್ನ ಹೆಂಡತಿಯನ್ನು ಕೇಳಿದಳು.

"ಉರಿ ಇದೆಯಾ ಮಗ?"

"ಇಲ್ಲ."

"ಉಚ್ಚೆ ವಾಸನೆ? ಹಳದಿ ಕಲೆ?"

"ಇಲ್ಲ ಅಜ್ಜಿ. ನೀರಿನ ಹಾಗೆ."

"ಕೆಮ್ಮಿದಾಗ, ಸೌದೆ ಹೊತ್ತಾಗ ಬರುತ್ತಾ?"

"ಇಲ್ಲ."

"ಮತ್ತೆ ಯಾವಾಗ ಬರುತ್ತೆ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ತುಂಬಾ... ಚೆನ್ನಾಗಿದ್ದಾಗ."

ಅಜ್ಜಿ ನಕ್ಕ ನಗುವಿಗೆ ಎಲೆ ಒಂದು ಕಡೆ, ಅಡಿಕೆ ಒಂದು ಕಡೆ. "ಇದಕ್ಕೆ ಔಷಧಿ ತರೋಕೆ ಹೋದನಾ ಈ ಪೆದ್ದ!"

ಆಮೇಲೆ ಬಿಡಿಸಿ ಹೇಳಿದಳು. ಹೆಣ್ಣಿಗೆ ಸುಖ ತುಂಬಿ ಬಂದಾಗ ಕೆಲವರಿಗೆ ಹೀಗೆ ನೀರು ಚಿಮ್ಮುತ್ತದೆ. ಬರುವುದು ಉಚ್ಚೆಯ ದಾರಿಯಲ್ಲೇ, ಅದಕ್ಕೇ ಹೆದರುತ್ತಾರೆ. ಆದರೆ ಇದು ಕಾಯಿಲೆಯಲ್ಲ, ಕೊಳಕೂ ಅಲ್ಲ. ಕೆಲವರಿಗೆ ಹನಿ, ಕೆಲವರಿಗೆ ಧಾರೆ, ಎಷ್ಟೋ ಜನಕ್ಕೆ ಬರುವುದೇ ಇಲ್ಲ. ಬಂದವಳು ಹೆಚ್ಚಲ್ಲ, ಬಾರದವಳು ಕಡಿಮೆಯಲ್ಲ. ಉರಿ, ನೋವು, ರಕ್ತ ಕಂಡರೆ ಮಾತ್ರ ಮಡಿಕೇರಿ ಆಸ್ಪತ್ರೆಗೆ ಹೋಗಿ. "ಹೆದರಿ ಬಿಗಿ ಹಿಡಿದಿರೋರೇ ಜಾಸ್ತಿ ಮಗ. ನೀನು ಹಿಡಿಯಬೇಡ."

ನನ್ನವಳ ಮುಖ ಒಂದು ತಿಂಗಳ ಮೇಲೆ ಸಡಿಲವಾಯಿತು. ನನ್ನ ಎದೆ ಉಬ್ಬಿತು. ಮೀಸೆಗೆ ಕೈ ಹೋಯಿತು.

"ಹಾಗಾದರೆ ಅಜ್ಜಿ, ಇದು ನನ್ನ ಸಾಮರ್ಥ್ಯ ಅನ್ನಿ!"

"ಚಿಲುಮೆ ಇರೋದು ಬೆಟ್ಟದಲ್ಲಿ ಕಣೋ," ಅಂದಳು ಅಜ್ಜಿ. "ತಂಬಿಗೆ ಹಿಡ್ಕೊಂಡು ಹೋದವನು ನೀರು ನಾನೇ ಮಾಡಿದೆ ಅನ್ನಬಾರದು."

ಹಾಲು

ಕೇಳುವವನೇ ನಾನು? ಆ ವಾರದಿಂದ ನನಗೆ ಅದೊಂದೇ ಗುರಿ. ಪ್ರತಿ ಸಲವೂ ಬರಬೇಕು, ಹೋದ ಸಲಕ್ಕಿಂತ ಜಾಸ್ತಿ ಬರಬೇಕು. ಮಧ್ಯೆ ಮಧ್ಯೆ ತಲೆಯೆತ್ತಿ, "ಬಂತಾ?" ಅಂತ ಕೇಳುವುದು. ಎರಡು ನಿಮಿಷ ಬಿಟ್ಟು, "ಈಗ?"

ಹಾಸಿಗೆ ಬೇಸಿಗೆಯ ಕಣದ ಹಾಗೆ ಒಣಗಿ ಬಿದ್ದಿತು. ಮೂರನೇ ಸಲ ಅವಳು ಎದ್ದು ಕೂತಳು.

"ಏನ್ರೀ ಇದು, ಒಲೆ ಮೇಲೆ ಇಟ್ಟ ಹಾಲಾ, ಉಕ್ಕಿತಾ ಉಕ್ಕಿತಾ ಅಂತ ಬಗ್ಗಿ ನೋಡೋಕೆ?"

"ನಿನಗೋಸ್ಕರ ತಾನೇ?"

"ನನಗೋಸ್ಕರ ಆದ್ರೆ ನನ್ನ ಕೇಳಿ. ಕಪಾತು ಮಾಡುವಾಗ ಏನು ಮಾಡ್ತೀರಿ? ಮರದ ಮೇಲಿರೋನಿಗೆ ಬಿಸಿಲು ಎಲ್ಲಿ ಬೀಳುತ್ತೆ ಅಂತ ಕಾಣಲ್ಲ, ಗಿಡದ ಹತ್ತಿರ ನಿಂತೋರು ಕೂಗಿ ಹೇಳಬೇಕು, ಅವರು ಹೇಳಿದ ಕೊಂಬೇನೇ ಕಡೀಬೇಕು ಅಂತ ನೀವೇ ತಾನೇ ಜಂಬ ಹೊಡೆಯೋದು?"

ನನ್ನ ಕಸುಬನ್ನು ನನಗೇ ಕಲಿಸಿದಳು! ಮದುವೆಯಾಗಿ ಮೂರು ತಿಂಗಳು ಗೋಡೆಗೆ ಮುಖ ಮಾಡಿ ಮಾತಾಡಿದವಳು ಅವತ್ತು ಮೊದಲ ಸಲ ನನ್ನ ಮುಖ ನೋಡಿ ಹೇಳಿದಳು. ಇಲ್ಲಿ. ಅಲ್ಲಲ್ಲ. ನಿಧಾನ. ಅವಸರ ಯಾವ ಬಸ್ಸಿಗೆ? ಅಷ್ಟೇ, ಅಲ್ಲೇ. ದೇವರಾಣೆ, ಇಷ್ಟು ಚೆನ್ನಾಗಿ ದಾರಿ ಹೇಳುವ ಆಳು ನನ್ನ ಕಪಾತು ಗ್ಯಾಂಗಿನಲ್ಲೂ ಇಲ್ಲ. ಅವತ್ತು ನೀರು ಬರಲಿಲ್ಲ. ಆದರೂ ಅವಳು ಆಮೇಲೆ ಕಾಲು ಚಾಚಿಕೊಂಡು ಮಲಗಿ, ಸೂರು ನೋಡುತ್ತಾ ನಕ್ಕಳು. ಬೇರೆ ದಿನ ಬಂತು, ಅವತ್ತೂ ಹಾಗೇ ನಕ್ಕಳು. ನಗು ಒಂದೇ ಅಂತ ತಿಳಿದ ಮೇಲೆ ನಾನು ಬಗ್ಗಿ ನೋಡುವುದನ್ನು ಬಿಟ್ಟೆ.

ಒಂದು ದಿನ ಅವಳು, "ನಿಮಗೆ? ನಿಮಗೇನು ಇಷ್ಟ, ಹೇಳಿ," ಅಂದಳು.

ನನ್ನನ್ನು ಯಾರೂ ಯಾವತ್ತೂ ಹಾಗೆ ಕೇಳಿರಲಿಲ್ಲ. ಅರವತ್ತಡಿ ಮೇಲಿಂದ ಕೂಗಿದರೆ ಪಕ್ಕದ ಎಸ್ಟೇಟಿನ ನಾಯಿ ಏಳುವ ಗಂಟಲು ನನ್ನದು. ಅವತ್ತು ಕಿವಿ ಬಿಸಿಯಾಯಿತು. ದಿಂಬಿನಲ್ಲಿ ಮುಖ ಹುದುಗಿಸಿಬಿಟ್ಟೆ.

"ಅಯ್ಯಯ್ಯೋ," ಅಂದಳು ಅವಳು, "ನಮ್ಮ ಮೇಸ್ತ್ರಿಗೆ ನಾಚಿಕೆ ಆಗುತ್ತಪ್ಪ!"

ಮಾವ

ಟ್ರಂಕು ಮಾತ್ರ ಮಂಚದ ಕೆಳಗೆ ತುಂಬಿಕೊಂಡೇ ಇತ್ತು. "ಅವ್ವನಿಗೆ ಎಲ್ಲ ಬರೆದುಬಿಟ್ಟಿದ್ದೀನಿ. ಅವರು ಏನಂದುಕೊಂಡರೋ? ಬಾ ಅಂದ್ರೆ ಹೋಗಲೇಬೇಕು," ಅನ್ನುತ್ತಿದ್ದಳು. ನಾನು ತಡೆಯಬೇಕೆಂದಿದ್ದೆ. ಅತ್ತೆಯ ಮಾತಿಗೆ ಎದುರಾಡುವ ಧೈರ್ಯ ಮಾತ್ರ ಯಾವ ಮರದ ತುದಿಯಲ್ಲೂ ಸಿಕ್ಕಲಿಲ್ಲ.

ಪಿಕ್ಕಿಂಗ್ ಮುಗಿದ ವಾರ ಮಾವ ಬಂದರು. ಮೂರು ಬಸ್ಸು ಬದಲಾಯಿಸಿ, ಕಂಕುಳಲ್ಲಿ ಒಂದು ಗಂಟು ಹಿಡಿದುಕೊಂಡು. ಮಾವನಿಗೆ ಅಕ್ಷರ ಬಾರದು; ಮನೆಗೆ ಬಂದ ಕಾಗದವನ್ನೆಲ್ಲ ಓದುವುದು ಅತ್ತೆ. ನನ್ನವಳು ಕಾಫಿ ಕೊಟ್ಟು ಬಾಗಿಲ ಹತ್ತಿರ ನಿಂತಳು. ನಾನು ಗೋಡೆಗೆ ಒರಗಿ ನಿಂತೆ.

"ಏನು ಬರೆದಿದ್ಯೋ ತಾಯಿ, ಕೇಳಿದ್ರೆ ನಿಮ್ಮವ್ವ ಹೇಳಲಿಲ್ಲ. ಓದಿ ಓದಿ ಒಬ್ಬಳೇ ನಗ್ತಿದ್ದಳು. 'ಕರ್ಕೊಂಡು ಬರಬೇಡಿ, ಇದನ್ನು ಕೊಟ್ಟು ಬನ್ನಿ, ಹಾಸಿಕೊಳ್ಳಲಿ' ಅಂದಳು."

ಗಂಟು ಬಿಚ್ಚಿದರು. ದಪ್ಪನೆಯ ಟರ್ಕಿ ಟವಲು.

"ಇದೇನು ಮಹಾ ಅಂತ ಮೂರು ಬಸ್ಸು ಹತ್ತಿಸಿದಳೋ? ಇಂಥದ್ದು ನಮ್ಮನೇಲೂ ಇದೆ. ಮದುವೆಯಾದಾಗಿಂದ ಹಾಸಿಗೆ ಮೇಲೆ ಒಂದು ಇದ್ದೇ ಇರ್ತದೆ, ನಿಮ್ಮವ್ವ ಯಾವಾಗ್ಲೂ..."

ಮಾವ ಅಲ್ಲಿಗೆ ನಿಲ್ಲಿಸಿದರು. ಟವಲು ನೋಡಿದರು. ಮಗಳನ್ನು ನೋಡಿದರು. ನನ್ನನ್ನು ನೋಡಿದರು. ಮುಗಿದುಹೋದ ಕಾಫಿ ಲೋಟವನ್ನು ಎತ್ತಿ, ಅದರೊಳಗೆ ಮುಖ ಇಟ್ಟು, ತುಂಬಾ ಹೊತ್ತು ಕುಡಿದರು.

"ಕೊನೆ ಬಸ್ಸು ಎಷ್ಟೊತ್ತಿಗೆ ಅಳಿಯಂದಿರೇ?"

"ಈಗಲೇ ಇದೆ ಮಾವ."

ಅವರನ್ನು ಹತ್ತಿಸಿ ಬರುವಷ್ಟರಲ್ಲಿ ಟ್ರಂಕಿನ ಸೀರೆಗಳೆಲ್ಲ ಹಗ್ಗದ ಮೇಲೆ ಬಂದಿದ್ದವು. ಅವಳು ಟವಲನ್ನು ನಾಲ್ಕಾಗಿ ಮಡಿಚಿ ನನ್ನ ಕೈಗಿಟ್ಟಳು.

"ಹಾಸೋದು ನನ್ನ ಕೆಲಸ. ಒಗೆಯೋದು ನಿಮ್ಮದು."

ನನಗೆ ಕೊನೆಗೆ ಸಿಕ್ಕಿದ್ದು ಅದು: ಒಂದು ಬಿಳಿ ಟವಲು, ಕೆಂಪು ಅಂಚಿನದು.