ಹವಾ ಡಬ್ಬಿ ಚಾಲೂ, ಹವಾ ಡಬ್ಬಿ ಬಂದ್

೧೫ ನವೆಂಬರ್ ೧೯೮೭, ಭಾನುವಾರ. ಬರೆಯಲು ಕುಳಿತಾಗ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ.

ನಮ್ಮ ಕಾಕಾ ನೀರನ್ನಾದರೂ ಸೋಸದೆ ಕುಡಿದಾರು, ಗಾಳಿಯನ್ನು ಸೋಸದೆ ಉಸಿರಾಡಲಾರರು! ಇವರು ಅಪ್ಪನ ತಮ್ಮ, ಹುಮನಾಬಾದಿನ ಒಂದು ಔಷಧಿ ಕಾರ್ಖಾನೆಯಲ್ಲಿ ಹೆಡ್ ಕ್ಲಾರ್ಕ್. ಹೊಸ ಅಚ್ಚಿನ ಶಾಯಿ ಎದೆಗೆ ಇಳಿಯುತ್ತದೆಂದು ವಾರಪತ್ರಿಕೆಗಳನ್ನು ಮುಟ್ಟುವುದೂ ಇಲ್ಲ. ಆ ಧೈರ್ಯದ ಮೇಲೆಯೇ ಇದನ್ನು ಈ ವಾರಪತ್ರಿಕೆಗೆ ಬರೆಯುತ್ತಿದ್ದೇನೆ.

ಅವರ ಆಫೀಸಿಗೆ ಕಳೆದ ವರ್ಷ ಕಂಪ್ಯೂಟರ್ ಬಂತು. ಅದನ್ನು ನಡೆಸುವವಳು ನಾನು; ದಿನಾ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅದರ ಮುಂದೆ ಕೂತ ಏಳನೆಯ ತಿಂಗಳಿಗೆ ನನ್ನ ಹೊಟ್ಟೆಯಲ್ಲಿದ್ದ ನಾಲ್ಕು ತಿಂಗಳ ಕೂಸು ಹೋಯಿತು. ಡಾಕ್ಟರು ಕಾರಣ ಹೇಳಲಿಲ್ಲ. ಕಾಕಾ ಹೇಳಿದರು: “ಆ ಕನ್ನಡಿ!” ಕಂಪ್ಯೂಟರಿನ ಪರದೆಗೆ ಅವರಿಟ್ಟ ಹೆಸರು ಅದು.

ಅಂದಿನಿಂದ ಆಫೀಸಿನಲ್ಲಿ ಕೂದಲ ಪರೀಕ್ಷೆ ಶುರು. ಒಬ್ಬೊಬ್ಬರೂ ಅಂಗಿಯ ತೋಳು ಮಡಚಿ ಪರದೆಯ ಹತ್ತಿರ ಕೈ ಹಿಡಿಯಬೇಕು. ಕೈಮೇಲಿನ ಕೂದಲು ಸೆಟೆದು ನಿಂತರೆ ಕಾಕಾಗೆ ಎಲ್ಲಿಲ್ಲದ ಸಂಭ್ರಮ. “ನೋಡ್ರಿ, ಹ್ಯಾಂಗ ಎಳೀತದ! ಹೊರಗಿನ ಕೂದಲಾನೇ ಎಳೀತದಂದ್ರ ಒಳಗಿನ ಜೀವಾ ಬಿಡ್ತದೇನು?” ಸ್ಟೋರ್ ಕೀಪರ್ ತಮ್ಮ ಬೋಳುತಲೆಯನ್ನೇ ಪರದೆಗೆ ಒಡ್ಡಿದರು. “ಕಾಕಾರೆ, ನನ್ನ ತಲಿ ಪಾಸ್ ಆತು!”

ಈ ವರ್ಷ ನಾನು ಮತ್ತೆ ಬಸಿರಾದ ಸುದ್ದಿ ತಿಳಿದ ವಾರವೇ ಕಾಕಾ ಹೈದರಾಬಾದಿಗೆ ಹೋಗಿ ಒಂದು ಡಬ್ಬಿ ತಂದರು. ಅಯೊನೈಜರ್ ಅಂತೆ, ಗಾಳಿಗೆ ವಿದ್ಯುತ್ತು ತಾಗಿಸಿ ಧೂಳನ್ನು ಕೆಳಗಿಳಿಸುತ್ತದಂತೆ. ಆಫೀಸಿನವರ ಬಾಯಲ್ಲಿ ಅದು ಹವಾ ಡಬ್ಬಿ. ನನ್ನ ಮೇಜಿನ ಕೆಳಗೆ ಅದಕ್ಕೆ ಜಾಗವಾಯಿತು. ಸ್ಟೋರ್ ಕೀಪರ್ ಕಿಟಕಿಯಾಚೆಯ ಕಾರ್ಖಾನೆಯ ಚಿಮಣಿ ತೋರಿಸಿ, “ಅದಕ್ಕೂ ಒಂದು ತರ್ರಿ” ಎಂದರು. ಅಷ್ಟು ದೊಡ್ಡ ಡಬ್ಬಿ ಹೈದರಾಬಾದಿನಲ್ಲೂ ಇರಲಿಲ್ಲವಂತೆ!

ತಿಂಗಳೊಳಗೆ ಡಬ್ಬಿಯ ಹಿಂದಿನ ಗೋಡೆ ಹೆಂಚಿನ ತಳದಷ್ಟು ಕಪ್ಪಾಯಿತು.

“ಏನ್ರಿ ಇದು! ಸುಣ್ಣಾ ಹೊಡಿಸಿ ವರ್ಷ ಆಗಿಲ್ಲ!” ಎಂದು ಮ್ಯಾನೇಜರ್ ಕೂಗಾಡಿದರು.

“ಗ್ವಾಡಿ ಕೆಮ್ಮೂದಿಲ್ರಿ ಸಾಹೇಬ್ರ,” ಎಂದರು ಕಾಕಾ.

ಗೋಡೆಗೆ ಅಂಟಿದ ಧೂಳು ಪರದೆಗೂ ಅಂಟಿತು. ಒಂದು ದಿನ ಕಂಪ್ಯೂಟರ್ ಬಿಸಿಯಾಗಿ ನಿಂತೇ ಹೋಯಿತು. ಕೆಡಿಸಿದ್ದು ಡಬ್ಬಿ ಎಂದರು ಮ್ಯಾನೇಜರ್. ಡಬ್ಬಿಯನ್ನು ಕೆಡಿಸುತ್ತಿರುವುದೇ ಕಂಪ್ಯೂಟರ್ ಎಂದರು ಕಾಕಾ. ರಿಪೇರಿಗೆ ಬಂದ ಮೆಕ್ಯಾನಿಕ್ ಇಬ್ಬರ ಮಾತಿಗೂ ತಲೆಯಾಡಿಸಿ, ಎರಡು ಕಪ್ ಚಹಾ ಕುಡಿದು ಹೋದ.

ಕೊನೆಗೆ ಕಾಕಾ ಒಂದು ಪರೀಕ್ಷೆ ಹೂಡಿದರು. ವಾರ ಬಿಟ್ಟು ವಾರ ಡಬ್ಬಿ ಚಾಲೂ ಇರಬೇಕು. ಸ್ವಿಚ್ಚು ನನ್ನ ಕೈಯಲ್ಲಿ, ಲೆಕ್ಕ ನನ್ನ ದಿನಚರಿಯಲ್ಲಿ. ಯಾವ ವಾರ ಚಾಲೂ, ಯಾವ ವಾರ ಬಂದ್ ಎಂದು ಅವರಿಗೆ ಮಾತ್ರ ಹೇಳಬಾರದು. ಹೇಳಿದರೆ ಅವರ ಮೂಗು ಪಕ್ಷಪಾತ ಮಾಡುತ್ತದಂತೆ! ಆರು ವಾರ ಬರೆದೆ. ಚಾಲೂ ಇದ್ದಾಗ ನನಗೆ ಒಂಬತ್ತು ತಲೆನೋವು. ಬಂದ್ ಇದ್ದಾಗ ಒಂಬತ್ತು.

“ಬಂದ್ ಇದ್ದಾಗಿನ ಒಂಬತ್ತು ದೊಡ್ಡವು ಇರಬೇಕವ್ವ,” ಎಂದರು ಕಾಕಾ. ಪರೀಕ್ಷೆ ಮುಂದುವರಿಯಿತು.

ಆಗಸ್ಟ್ ೧೯, ಬುಧವಾರ. ಮನೆಗೆ ಬರುವ ಬಸ್ಸಿನಲ್ಲೇ ಹೊಟ್ಟೆ ಹಿಡಿಯಿತು. ಈ ಸಲವೂ ನಾಲ್ಕನೆಯ ತಿಂಗಳು. ದಿನಚರಿಯಲ್ಲಿ ಆ ಪುಟಕ್ಕೆ ತಾರೀಖು ಮಾತ್ರ ಇದೆ.

ಒಂಬತ್ತನೆಯ ದಿನ ಕಾಕಾ ಬಂದರು. ಒಳಗೆ ಬಾರದೆ ಹೊಸ್ತಿಲಾಚೆಯೇ ಕೂತರು. ಮಡಿಲಲ್ಲಿದ್ದ ಚೀಲದಲ್ಲಿ ಡಬ್ಬಿ. ಆ ದಿನ ಓಣಿಯಲ್ಲಿ ಯಾರೋ ಕಸ ಸುಡುತ್ತಿದ್ದರು. ಹೊಗೆ ನೇರ ಅವರ ಮುಖಕ್ಕೇ ಬರುತ್ತಿತ್ತು. ಕಾಕಾ ಮೂಗಿಗೆ ಕರವಸ್ತ್ರ ಹಿಡಿಯಲಿಲ್ಲ.

“ಕನ್ನಡಿ ಅಂತ ತಿಳದಿದ್ದೆ,” ಎಂದರು. “ಈಗ ಇದಾ ಅನಸಾಕತ್ತದ. ನಾನಾ ತಂದು ನಿನ್ನ ಕಾಲಾಗ ಇಟ್ಟೀನಲ್ಲವ್ವ. ನಿನ್ನ ಬುಕ್ ನೋಡಿ ಹೇಳು. ಆ ವಾರ ಚಾಲೂ ಇತ್ತೋ, ಬಂದ್ ಇತ್ತೋ?”

ದಿನಚರಿ ತಂದು ತೆರೆದೆ. ಆಗಸ್ಟ್ ೧೭, ಸೋಮವಾರ: ಚಾಲೂ. ಮಂಗಳವಾರ: ಚಾಲೂ. ನನ್ನದೇ ಅಕ್ಷರ, ದುಂಡಗೆ.

“ಬಂದ್ ಇತ್ತು ಕಾಕಾ,” ಎಂದು ಓದಿದೆ.

“ಖರೇನ?”

“ಬರದೀನಿ ನೋಡ್ರಿ ಇಲ್ಲಿ.”

ಅವರು ನೋಡಲಿಲ್ಲ. “ನೀ ಬರದೀ ಅಂದ್ರ ಮುಗೀತವ್ವ,” ಎಂದು ಕಣ್ಣು ಮುಚ್ಚಿದರು. ಆ ಹೊಗೆಯಲ್ಲೇ ಒಂದು ಉದ್ದನೆಯ ಉಸಿರು ಎಳೆದು ಬಿಟ್ಟರು.

ನಾನು ಮತ್ತೆ ಕೆಲಸಕ್ಕೆ ಹೋದಾಗ ಆ ಗೋಡೆ ಬೆಳ್ಳಗಿತ್ತು. ಕಾಕಾ ತಾವೇ ನಿಂತು ಸುಣ್ಣ ಹೊಡೆದಿದ್ದರಂತೆ. ಪರದೆಯನ್ನು ಈಗಲೂ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಅವರೇ ಒರೆಸುತ್ತಾರೆ.

ಆ ಡಬ್ಬಿಯಿಂದ, ಈ ಪರದೆಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಸರಿಯಾಗಿ ಬಲ್ಲವರು ದಯವಿಟ್ಟು ಎರಡು ಸಾಲು ಬರೆಯಿರಿ. ನನ್ನ ಮನೆಯ ವಿಳಾಸ ಸಂಪಾದಕರ ಬಳಿ ಇದೆ. ಆಫೀಸಿಗೆ ಮಾತ್ರ ಬರೆಯಬೇಡಿ. ಅಲ್ಲಿ ಬಂದ ಟಪಾಲನ್ನೆಲ್ಲ ಮೊದಲು ಒಡೆದು ಓದುವವರು ಕಾಕಾ.